ಮೀಸೆ ಮಾವನ ನೆಲ

ಮೂವತ್ತೊಂದು ವರ್ಷಗಳಿಂದ ಅವನು ನೆಲ ಹಾಸುವ ಕೆಲಸ ಮಾಡುತ್ತಿದ್ದಾನೆ. ಆಸ್ಪತ್ರೆಯ ಉದ್ದನೆಯ ಪಡಸಾಲೆ, ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಮುಂದಿನ ಜಾಗ, ಎರಡು ಬ್ಯಾಂಕು, ಒಂದು ಚಿತ್ರಮಂದಿರ, ಇನ್ನು ಬಚ್ಚಲುಮನೆಗಳು ಎಷ್ಟೋ. ಅವನು ಹಾಸಿದ ಬಚ್ಚಲಲ್ಲಿ ನೀರು ನಿಲ್ಲುವುದಿಲ್ಲ. ಅವನು ಹಾಸಿದ ನಡುಮನೆಯಲ್ಲಿ ಗೋಲಿ ಇಟ್ಟರೆ ಇಟ್ಟಲ್ಲೇ ಕೂತಿರುತ್ತದೆ. ಜೊತೆಗೆ ಕೆಲಸ ಮಾಡುವವರು ಅವನಿಗೆ ರಸಮಟ್ಟ ಎಂದು ಹೆಸರಿಟ್ಟಿದ್ದಾರೆ. ರಸಮಟ್ಟ ಎಂದರೆ ನೆಲ ಸಮನಾಗಿದೆಯೇ ಎಂದು ನೋಡಲು ಗಾರೆಯವರು ಇಟ್ಟುಕೊಳ್ಳುವ ಪಟ್ಟಿ. ಅದರ ಗಾಜಿನ ಕೊಳವೆಯೊಳಗೆ ಒಂದು ಗುಳ್ಳೆ ಓಡಾಡುತ್ತಿರುತ್ತದೆ, ನೆಲ ಸಮನಾದರೆ ನಡುವೆ ಬಂದು ನಿಲ್ಲುತ್ತದೆ. ಹೆಸರಿಟ್ಟವರು ಗೇಲಿಗೆ ಇಟ್ಟದ್ದು. ಅವನು ಬಿರುದು ಎಂದೇ ತಿಳಿದುಕೊಂಡ.

ಮರಳಿನ ವಿಷಯದಲ್ಲಂತೂ ಅವನ ಜೊತೆ ವಾದಕ್ಕೆ ಇಳಿಯುವ ಹಾಗಿಲ್ಲ. ಲಾರಿ ಬಂದು ನಿಂತ ಕೂಡಲೇ ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಹಿಡಿದು, ಮುಷ್ಟಿ ಹಿಂಡುತ್ತಾನೆ. ಕರಕರ ಎಂದರೆ ಒಳ್ಳೆ ಮರಳು. ಒಂದೊಂದು ಕಣಕ್ಕೂ ಅಂಚಿದೆ, ಸಿಮೆಂಟನ್ನು ಕಚ್ಚಿ ಹಿಡಿಯುತ್ತದೆ ಎಂದು ಅರ್ಥ. ಸದ್ದಿಲ್ಲದೆ ಬೆರಳ ಸಂದಿಯಿಂದ ಜಾರಿ ಹೋದರೆ ಅದು ಹೊಳೆಯಲ್ಲಿ ಉರುಳಿ ಉರುಳಿ ದುಂಡಗಾದ ಮರಳು, ಯಾವುದನ್ನೂ ಹಿಡಿಯುವುದಿಲ್ಲ. ಅದಕ್ಕೆ ಅವನು ಸೋಮಾರಿ ಮರಳು ಎಂದು ಹೆಸರಿಟ್ಟು, ಲಾರಿಯನ್ನು ಬಂದ ದಾರಿಯಲ್ಲೇ ಅಟ್ಟುತ್ತಾನೆ. ಕೈ ಇರುವಾಗ ಕಿವಿ ಯಾಕೆ ಎಂದು ಯಾರಾದರೂ ಕೇಳಬಹುದು. ಅವನ ಕೈ ಎಂದೋ ಸತ್ತಿದೆ. ಸಿಮೆಂಟು ತಿಂದ ಬೆರಳುಗಳವು, ದಪ್ಪಗೆ, ಬೂದು ಬಣ್ಣಕ್ಕೆ ತಿರುಗಿ, ಬಿರುಕು ಬಿಟ್ಟಿವೆ. ಕುದಿಯುವ ಚಹಾದ ಲೋಟವನ್ನು ಬರಿಗೈಯಲ್ಲಿ ಹಿಡಿದುಕೊಂಡು ಅವನು ಹರಟುತ್ತಿದ್ದರೆ ನೋಡುವವರ ಕೈ ಸುಡುತ್ತದೆ.

ಅವನಿಗೆ ಒಬ್ಬಳೇ ಅಕ್ಕ, ಅವನಿಗಿಂತ ಹತ್ತು ವರ್ಷ ದೊಡ್ಡವಳು. ತಾಯಿ ಹೋದಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅವನು ಒಂದೇ ತರಗತಿಯಲ್ಲಿ ಮೂರು ಸಲ ನಪಾಸಾದಾಗ ಬೈಯಲಿಲ್ಲ, ಅಳಲಿಲ್ಲ. ಕೈ ಹಿಡಿದುಕೊಂಡು ಒಬ್ಬ ಗಾರೆ ಮೇಸ್ತ್ರಿಯ ಹತ್ತಿರ ಕರೆದೊಯ್ದು, "ಇವನಿಗೆ ತಲೆ ಕಮ್ಮಿ, ಕೈ ಚೆನ್ನಾಗಿದೆ" ಎಂದು ಬಿಟ್ಟು ಬಂದಳು. ತಾನು ಮದುವೆಯಾಗಲಿಲ್ಲ. ಒಂದು ಶಾಲೆಯ ಪ್ರಯೋಗಶಾಲೆಯಲ್ಲಿ ಗಾಜಿನ ಕೊಳವೆ ತೊಳೆಯುವ, ಬಾಟಲಿಗಳಿಗೆ ಚೀಟಿ ಅಂಟಿಸುವ ಕೆಲಸ ಮಾಡಿಕೊಂಡು ಆಯಸ್ಸು ಕಳೆದಳು. ಕೊನೆಯ ವರ್ಷಗಳಲ್ಲಿ ಸಕ್ಕರೆ ಕಾಯಿಲೆ ಅವಳ ಎರಡೂ ಕಣ್ಣು ತಿಂದಿತು. ಕೆಲಸ ಮುಗಿದು ತಮ್ಮನ ಮನೆಗೆ ಬಂದಾಗ ಅವಳ ಜೊತೆ ಬಂದದ್ದು ಮೂರೇ ಸಾಮಾನು: ಒಂದು ಪೆಟ್ಟಿಗೆ, ಇಂಜೆಕ್ಷನ್ನಿನ ಡಬ್ಬಿ, ಮತ್ತು ಮೀಸೆ ಮಾವ.

ಮೀಸೆ ಮಾವ ಎಂದರೆ ಮೀನು. ಮೊಳಕ್ಕಿಂತ ಉದ್ದ, ಅಗಲ ತಲೆ, ಕಂದು ಮೈ, ಬಾಯಿಯ ಸುತ್ತ ಆರು ಮೀಸೆ. ಎರಡು ಮೀಸೆಯಂತೂ ಗೇಣುದ್ದ. ಅಂಗಡಿಯವರು ಕ್ಯಾಟ್‌ಫಿಶ್ ಎನ್ನುತ್ತಾರೆ. ಹನ್ನೆರಡು ವರ್ಷ ಅದು ಇದ್ದದ್ದು ಶಾಲೆಯ ಪ್ರಯೋಗಶಾಲೆಯ ತೊಟ್ಟಿಯಲ್ಲಿ, ಅಲ್ಲಿನ ಮಕ್ಕಳು ಮೀಸೆ ಮಾವ ಎಂದಿದ್ದರು, ಅದೇ ಉಳಿಯಿತು. ಈ ಜಾತಿಗೆ ನೆಲ ತೋಡುವುದೇ ಕಸುಬು. ಬೆಳಗಾದರೆ ಮೂತಿ ಮರಳಿಗೆ ತೂರಿಸಿ ಗುಂಡಿ ಮಾಡುವುದು, ಸಂಜೆಗೆ ಅದನ್ನು ಬಿಟ್ಟು ಇನ್ನೊಂದು ಗುಂಡಿ ಮಾಡುವುದು. ಕಣ್ಣು ಅದಕ್ಕೆ ಹೆಸರಿಗೆ ಮಾತ್ರ. ಹುಡುಕುವುದು, ತಿಳಿಯುವುದು, ತಿನ್ನುವುದು ಎಲ್ಲ ಮೀಸೆಯಿಂದಲೇ. ಅಕ್ಕ ದಿನಾ ನಾಲ್ಕು ಗಂಟೆಗೆ ತೊಟ್ಟಿಯ ಪಕ್ಕ ಕೂತು ನೀರಿಗೆ ಕೈ ಇಳಿಸಿದರೆ ಅದು ಮೇಲೆ ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಮೀಸೆಯಿಂದ ಸವರಿ, ಇವಳೇ ಎಂದು ಖಾತ್ರಿಯಾದಮೇಲೆ ಸಿಗಡಿಯ ಚೂರನ್ನು ಮೆಲ್ಲಗೆ ಎಳೆದುಕೊಳ್ಳುತ್ತಿತ್ತು. ಮೈ ಮುಟ್ಟಲು ಬಿಡುವುದಿಲ್ಲ, ಪಕ್ಕದ ರೆಕ್ಕೆಯಲ್ಲಿ ಮುಳ್ಳಿದೆ. ಅವಳಿಗೆ ಅದು ಗೊತ್ತಿದ್ದದ್ದು ಆ ಆರು ಮೀಸೆಗಳಿಂದ. ಅದಕ್ಕೆ ಅವಳು ಗೊತ್ತಿದ್ದದ್ದೂ ಅದರಿಂದಲೇ. ಕಣ್ಣು ಹೋದಮೇಲೆ ಅವಳು ನಗುವುದನ್ನು ತಮ್ಮ ನೋಡಿದ್ದು ಆ ಹೊತ್ತಿನಲ್ಲಿ ಮಾತ್ರ.

ಅಕ್ಕನಿಗಾಗಿ ತಾನು ಏನೂ ಮಾಡಲಿಲ್ಲ ಎಂಬ ಕೊರಗು ಅವನಿಗೆ ಮೊದಲಿನಿಂದಲೂ ಇತ್ತು. ಅವಳ ಕಣ್ಣು ತಿರುಗಿ ತರುವುದು ಅವನ ಕೈಯಲ್ಲಿ ಇರಲಿಲ್ಲ. ಆದರೆ ತೊಟ್ಟಿ ಮನೆಗೆ ಬಂತು, ತೊಟ್ಟಿಗೊಂದು ನೆಲ ಬೇಕು. ನೆಲ ಎಂದರೆ ಅವನು, ಅವನೆಂದರೆ ನೆಲ. ಹಿಗ್ಗಿ ಹೀರೆಕಾಯಿಯಾದ.

ಮೊದಲ ತಪ್ಪು ಅದೇ ದಿನ ಆಯಿತು. ಮೀನು ಮುಚ್ಚಳವಿದ್ದ ಡ್ರಮ್ಮಿನಲ್ಲಿ ಬಂದಿತ್ತು, ಹಳೆಯ ಮರಳು ನಾಲ್ಕು ಬಕೆಟ್ಟಿನಲ್ಲಿ. ಹನ್ನೆರಡು ವರ್ಷದ ಮರಳು, ಕಪ್ಪಗೆ, ಗಬ್ಬು ವಾಸನೆ. ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಹಿಂಡಿದ. ಸದ್ದೇ ಇಲ್ಲ. ಅಪ್ಪಟ ಸೋಮಾರಿ. ಮೂಗು ಮುರಿದು, ನಾಲ್ಕೂ ಬಕೆಟ್ಟನ್ನು ಕೆಲಸದ ಜಾಗಕ್ಕೆ ಒಯ್ದು, ಒಬ್ಬ ವಕೀಲರ ಹೊಸ ಮನೆಯ ಬಚ್ಚಲ ತಗ್ಗಿಗೆ ಸುರಿದು, ಮೇಲೆ ಕಾಂಕ್ರೀಟು ಹಾಕಿ ಟೈಲ್ಸ್ ಕೂರಿಸಿಬಿಟ್ಟ.

"ಮರಳೆಲ್ಲೋ?" ಎಂದಳು ಅಕ್ಕ.

"ಹಳೇದು ಕೊಳೆತಿತ್ತು ಅಕ್ಕ. ಹೊಸದು ಹಾಕ್ತೀನಿ. ಒಳ್ಳೆ ಮರಳು."

"ನೀನು ಹಾಕೋದಾದ್ರೆ ಒಳ್ಳೇದೇ ಇರತ್ತೆ ಬಿಡು," ಎಂದಳು.

ಕ್ರಷರಿನಿಂದ ಆಗತಾನೇ ಬಂದ, ಕಲ್ಲು ಪುಡಿ ಮಾಡಿ ತೆಗೆದ ಮರಳನ್ನು ಅವನೇ ಹೋಗಿ ಆರಿಸಿದ. ಮುಷ್ಟಿಯಲ್ಲಿ ಹಿಂಡಿದರೆ ಕರಕರ ಎನ್ನುವುದು ಪಕ್ಕದವರಿಗೂ ಕೇಳಬೇಕು, ಅಂಥದ್ದು. ಮೂರು ಜರಡಿ ಹಿಡಿದ, ತೊಳೆದ ನೀರು ತಿಳಿಯಾಗುವ ತನಕ ಒಂಬತ್ತು ಸಲ ತೊಳೆದ. ತೊಟ್ಟಿಯ ತಳಕ್ಕೆ ಹರವಿ, ಪಟ್ಟಿ ಎಳೆದು, ರಸಮಟ್ಟ ಇಟ್ಟು ನೋಡಿದ. ಮೀನಿನ ತೊಟ್ಟಿಗೆ ರಸಮಟ್ಟ ಇಟ್ಟ ಮನುಷ್ಯ ಜಗತ್ತಿನಲ್ಲಿ ಇವನೊಬ್ಬನೇ ಇರಬೇಕು ಎಂದು ಹೆಂಡತಿ ನಕ್ಕಳು. ಮರುದಿನ ಬೆಳಗ್ಗೆ ನೋಡಿದರೆ ಮಾವ ಬಲಮೂಲೆಯಲ್ಲಿ ಗುಂಡಿ ತೋಡಿ ಎಡಮೂಲೆಯಲ್ಲಿ ಗುಡ್ಡ ಮಾಡಿತ್ತು. ಅವನಿಗೆ ಕೋಪ ಬಂತು. ಅವನು ಹಾಸಿದ ನೆಲವನ್ನು ಇಲ್ಲಿಯವರೆಗೆ ಯಾರೂ ಅಗೆದಿರಲಿಲ್ಲ. ಮತ್ತೆ ಸಮ ಮಾಡಿದ, ಅದು ಮತ್ತೆ ತೋಡಿತು. ಒಂದು ವಾರ ಇಬ್ಬರೂ ಹಟಕ್ಕೆ ಬಿದ್ದರು. ಕೊನೆಗೆ ಇವನೇ ಸೋತು, ತೋಡುವುದೇ ಅದರ ಕಸುಬಾದರೆ ತೋಡಿಕೊಳ್ಳಲಿ ಎಂದು ಬಿಟ್ಟ. ತೋಡಿದಷ್ಟೂ ಅದಕ್ಕೆ ಏನಾಗುತ್ತಿದೆ ಎಂಬುದು ಅವನ ಕಣ್ಣಿಗೆ ಬೀಳಲಿಲ್ಲ.

ಕಂಡದ್ದು ಹೆಂಡತಿಗೆ. ಅವಳು ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡವಳು, ಎರಡು ದಾರದಷ್ಟು ವ್ಯತ್ಯಾಸವೂ ಗೊತ್ತಾಗುತ್ತದೆ.

"ಏನ್ರೀ, ಮಾವನ ಮೀಸೆ ಗಿಡ್ಡ ಆದ ಹಾಗಿದೆ. ತುದಿ ಎಲ್ಲಾ ಹರಿದಿದೆ, ನೋಡಿ."

ಅವನು ಗಾಜಿಗೆ ಮೂಗು ಒತ್ತಿ ನೋಡಿದ. ಗೇಣುದ್ದದ ಮೀಸೆ ಬೆರಳುದ್ದ ಆಗಿತ್ತು. ಗದ್ದದ ಕೆಳಗಿನ ನಾಲ್ಕರಲ್ಲಿ ಎರಡು ಬರೀ ಕೆಂಪು ಚುಕ್ಕೆ. ಅವತ್ತೇ ನಾಲ್ಕು ಗಂಟೆಗೆ ಅಕ್ಕ ನೀರಿಗೆ ಕೈ ಇಳಿಸಿ ಬಹಳ ಹೊತ್ತು ಕೂತಿದ್ದಳು.

"ಮಾವ ಯಾಕೋ ಬರ್ತಾ ಇಲ್ಲ ಕಣೋ."

"ಹೊಸ ಜಾಗ ಅಲ್ವಾ ಅಕ್ಕ, ನಾಚಿಕೆ," ಎಂದ. ಅದು ಮೊದಲನೆಯ ಸುಳ್ಳು. ಬಾಯಿಗೆ ಬಂದದ್ದು ಅವನಿಗೇ ಆಶ್ಚರ್ಯವಾಯಿತು, ಅಷ್ಟು ಸಲೀಸಾಗಿ ಬಂತು.

ಮೀನಿನ ಅಂಗಡಿಯವನು ಒಳ್ಳೆಯವನೇ, ಆದರೆ ಮಾತಿಗೆ ಉಪ್ಪು ಖಾರ ಹಚ್ಚುವುದು ಗೊತ್ತಿಲ್ಲ. ಚೀಲದಲ್ಲಿ ತಂದ ಮರಳನ್ನು ಅಂಗೈಗೆ ಸುರಿದುಕೊಂಡು, ಬೆರಳಿನಿಂದ ಒಮ್ಮೆ ಉಜ್ಜಿ, "ಮೇಸ್ತ್ರಿ, ಇದು ಮರಳಲ್ಲ, ಗಾಜಿನ ಪುಡಿ" ಎಂದ. "ಇದರಲ್ಲಿ ಅದು ದಿನಾ ಮುಖ ಉಜ್ಜುತ್ತೆ. ಮೀಸೆ ಉಳಿಯತ್ತಾ?"

"ಜಲ್ಲಿ ಹಾಕಿದ್ರೆ?"

"ಸಣ್ಣದಾದ್ರೆ ನುಂಗತ್ತೆ. ಹೊಟ್ಟೇಲಿ ಸಿಕ್ಕೊಂಡ್ರೆ ಮುಗೀತು."

"ದೊಡ್ಡ ಕಲ್ಲು?"

"ತೋಡಕ್ಕಾಗಲ್ಲ. ಸಂದಿಗೆ ಮೂತಿ ತೂರ್ಸಿ ಗಾಯ ಮಾಡ್ಕೊಳತ್ತೆ. ಸುಮ್ನೆ ಇರೋ ಪ್ರಾಣಿ ಅಲ್ಲ ಅದು."

"ಮತ್ತೇನು ಹಾಕ್ಲಿ?"

"ದುಂಡಗಿರೋ ಸಣ್ಣ ಮರಳು. ಹೊಳೇದು. ಮುಟ್ಟಿದ್ರೆ ರೇಷ್ಮೆ ಹಾಗಿರಬೇಕು. ಮೊದಲಿದ್ದದ್ದು ಅದೇ ಇರಬೇಕಲ್ಲ, ಹನ್ನೆರಡು ವರ್ಷ ಚೆನ್ನಾಗಿತ್ತು ಅಂದ್ರಿ? ಅದನ್ನೇ ತೊಳೆದು ಹಾಕಿ."

ಅದು ವಕೀಲರ ಬಚ್ಚಲ ಕೆಳಗಿತ್ತು. ಅದರ ಮೇಲಿನ ನೆಲವನ್ನು ಅವನೇ ಹಾಸಿದ್ದ. ಎಷ್ಟು ಚೆನ್ನಾಗಿ ಹಾಸಿದ್ದನೆಂದರೆ ಸುತ್ತಿಗೆ ತಗೊಂಡು ಹೋದರೂ ಒಂದು ದಿನಕ್ಕೆ ಒಡೆಯುವಂಥದ್ದಲ್ಲ. ವಕೀಲರ ಮನೆಯವರು ಆಗಲೇ ಅಲ್ಲಿ ಸ್ನಾನ ಮಾಡುತ್ತಿದ್ದರು.

ಮನೆಗೆ ಬಂದವನೇ ಅಕ್ಕ ಮಲಗಿದ್ದ ಮಧ್ಯಾಹ್ನ ಮರಳನ್ನೆಲ್ಲ ತೆಗೆದು ಹಾಕಿದ. ತೊಟ್ಟಿ ಬರೀ ಗಾಜಾಯಿತು. ಇನ್ನಾದರೂ ಮೀಸೆಗೆ ಆರಾಮ ಎಂದುಕೊಂಡ. ಮಾವನಿಗೆ ಅದು ತಿಳಿಯಬೇಕಲ್ಲ. ತಲೆ ಕೆಳಗೆ ಮಾಡಿ, ಬಾಲ ಬಡಿದು, ಗಾಜನ್ನೇ ತೋಡಲು ಶುರುಮಾಡಿತು. ದಬ್, ದಬ್. ಸ್ವಲ್ಪ ಬಿಟ್ಟು ಮತ್ತೆ ದಬ್. ಅಲ್ಲಿ ನೆಲ ಇದ್ದೇ ಇರಬೇಕು, ಇವತ್ತು ಯಾಕೋ ಗಟ್ಟಿಯಾಗಿದೆ ಎಂದು ನಂಬಿಕೊಂಡಂತಿತ್ತು ಆ ಹಟ. ನೋಡಲಾಗದೆ ಅವನು ತೊಟ್ಟಿಗೆ ಬೆನ್ನು ಹಾಕಿ ನಿಂತ.

"ಯಾರೋ ಬಾಗಿಲು ತಟ್ತಿದಾರೆ," ಎಂದಳು ಅಕ್ಕ, ಒಳಗಿನಿಂದ.

"ಪಕ್ಕದ ಮನೇಲಿ ಮರದ ಕೆಲಸ ನಡೀತಿದೆ."

"ಇಷ್ಟು ಹೊತ್ತಿನಿಂದಾನಾ?"

"ಹೂಂ. ದೊಡ್ಡ ಕೆಲಸ."

ಎರಡನೆಯ ಸುಳ್ಳು. ಮೂರು ದಿನ ಆ ಸದ್ದು ನಿಲ್ಲಲಿಲ್ಲ. ಅಕ್ಕ ಪ್ರತಿ ಸಲವೂ ತಲೆ ಎತ್ತಿ ಕಿವಿಗೊಡುತ್ತಿದ್ದಳು. ನಾಲ್ಕು ಗಂಟೆಗೆ ಮಾತ್ರ, ಮೀನಿಗೆ ಹುಷಾರಿಲ್ಲ, ಔಷಧಿ ಹಾಕಿದ್ದೇವೆ, ಒಂದಷ್ಟು ದಿನ ನೀರಿಗೆ ಕೈ ಹಾಕುವಂತಿಲ್ಲ ಎಂದು ಹೇಳಿ ಅವಳನ್ನು ತಡೆದ. ಅದು ಮೂರನೆಯ ಸುಳ್ಳು. ನಿಜ ಹೇಳಿಬಿಡಿ ಎಂದು ಹೆಂಡತಿ ಎರಡು ಸಲ ಹೇಳಿದಳು. ಹೇಳುತ್ತೇನೆ, ಮೊದಲು ಸರಿಮಾಡಿ ಆಮೇಲೆ ಹೇಳುತ್ತೇನೆ ಎಂದ. ಹಾಳಾದ ಕೆಲಸವನ್ನು ಗಿರಾಕಿಗೆ ತೋರಿಸುವ ಮೊದಲು ಸರಿಮಾಡಿಬಿಡಬೇಕು ಎಂಬುದು ಅವನ ವೃತ್ತಿಯ ಪಾಠ. ಅದನ್ನೇ ಇಲ್ಲೂ ಹಿಡಿದುಕೊಂಡ, ಪಾಪ.

ಮರಳಿನ ಅಡ್ಡೆಯವನ ಮುಂದೆ ನಿಂತು ಸೋಮಾರಿ ಮರಳು ಬೇಕು ಎಂದು ಕೇಳುವಾಗ ಅವನ ಮುಖ ನೋಡಬೇಕಿತ್ತು. ಅಡ್ಡೆಯವನು ಕೈಲಿದ್ದ ಚಹಾ ಕೆಳಗಿಟ್ಟ.

"ಏನಂದ್ರಿ ಮೇಸ್ತ್ರಿ?"

"ನುಣ್ಣಗಿರೋದು. ದುಂಡಗಿರೋದು."

"ನನ್ನ ಎಷ್ಟು ಲಾರಿ ವಾಪಸ್ ಕಳಿಸಿದೀರ ನೀವು? ಇದನ್ನ ಹಾಕಿದ್ರೆ ನೆಲಕ್ಕೆ ಅವಮಾನ ಅಂತ ಜನರ ಮುಂದೆ ಉಗಿದಿದ್ರಿ. ಈಗ ನೀವೇ ಬಂದು ಕೇಳ್ತೀರಲ್ಲ." ಅವನಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಆದರೂ ಐದು ಬೇರೆ ಬೇರೆ ರಾಶಿಗಳಿಂದ ಐದು ಡಬ್ಬಿ ತುಂಬಿ ಕೊಟ್ಟ. "ಎಲ್ಲಾ ಹೊಳೇದೇ. ಯಾವುದು ರೇಷ್ಮೆ ಅಂತ ನೀವೇ ಮುಟ್ಟಿ ನೋಡ್ಕೊಳಿ."

ಮುಟ್ಟಿ ನೋಡಿಕೊಳ್ಳುವುದು. ಅವನು ಮನೆಯ ಹಿತ್ತಲಲ್ಲಿ ಕೂತು ಐದೂ ಡಬ್ಬಿಗೆ ಕೈ ಹಾಕಿದ. ಐದೂ ಒಂದೇ ಥರ. ಹೆಬ್ಬೆರಳಿನಿಂದ ಉಜ್ಜಿದ, ಅಂಗೈಯಿಂದ ಉಜ್ಜಿದ. ಮರಳು ಮುಟ್ಟಿದಂತೆಯೇ ಆಗಲಿಲ್ಲ. ಎಲ್ಲೋ ದೂರದಲ್ಲಿ ಇನ್ನೊಬ್ಬರ ಕೈ ಯಾವುದನ್ನೋ ಮುಟ್ಟುತ್ತಿದ್ದಂತಿತ್ತು. ಕಿವಿಯ ಹತ್ತಿರ ಹಿಂಡಿದರೆ ಐದೂ ಸುಮ್ಮನಿದ್ದವು. ಚೂಪನ್ನು ಹಿಡಿಯುವ ಕಿವಿ ಅವನಿಗಿತ್ತು, ನುಣುಪನ್ನು ಅಳೆಯಲು ಏನೂ ಇರಲಿಲ್ಲ. ಮೂವತ್ತೊಂದು ವರ್ಷ ಮರಳಿನ ಜೊತೆ ಬಾಳಿದ ಕೈಗೆ ಮರಳೇ ತಿಳಿಯದೆ ಹೋದದ್ದಕ್ಕೆ ಅವನಿಗೆ ತುಂಬ ನಾಚಿಕೆಯಾಯಿತು.

ಹೆಂಡತಿಗೆ ಕೊಟ್ಟ. ಅವಳು ಒರಟು ಎಂದು ಎರಡು ಡಬ್ಬಿ ಬೇರೆ ಇಟ್ಟಳು, ಉಳಿದ ಮೂರರಲ್ಲಿ ಅನುಮಾನ ಎಂದಳು. "ನನ್ನ ಬೆರಳಿಗೂ ಸೂಜಿ ಚುಚ್ಚಿ ಚುಚ್ಚಿ ದಡ್ಡು ಕಟ್ಟಿದೆ. ಅತ್ತಿಗೇನ ಕೇಳಿ. ಈ ಮನೇಲಿ ಕೈಯಲ್ಲಿ ಕಣ್ಣಿರೋದು ಅವರೊಬ್ಬರಿಗೇ."

ಕೇಳಿದ. ಆದರೆ ಹೇಗೆ ಕೇಳಿದ ನೋಡಿ. "ಅಕ್ಕ, ಒಬ್ಬರು ಗಿರಾಕಿ ಮಕ್ಕಳ ಆಟದ ಗುಂಡಿಗೆ ನುಣ್ಣಗಿರೋ ಮರಳು ಕೇಳಿದಾರೆ. ಯಾವುದು ಒಳ್ಳೇದು ಹೇಳು." ನಾಲ್ಕನೆಯದು.

ಅಕ್ಕ ಒಂದೊಂದು ಡಬ್ಬಿಯಿಂದಲೂ ಚಿಟಿಕೆ ತೆಗೆದು ಮೊದಲು ಮಣಿಕಟ್ಟಿನ ಒಳಬದಿಗೆ ಉಜ್ಜಿದಳು, ಆಮೇಲೆ ಕೆನ್ನೆಗೆ. ಕಾಲು ಗಂಟೆ ತಗೊಂಡಳು. ಎಷ್ಟೋ ದಿನದ ಮೇಲೆ ಯಾರೋ ತನಗೊಂದು ಕೆಲಸ ಕೊಟ್ಟರು ಎಂಬ ಗಂಭೀರ ಖುಷಿ ಅವಳ ಮುಖದಲ್ಲಿತ್ತು. ಕೊನೆಗೆ ಒಂದು ಡಬ್ಬಿಯನ್ನು ತಮ್ಮನ ಕಡೆ ತಳ್ಳಿದಳು.

"ಇದು. ನನ್ನ ಹಳೇ ಮರಳಿನ ಹಾಗೇ ಇದೆ. ಮಕ್ಕಳು ಬಿದ್ರೂ ತರಚಲ್ಲ."

ಅದನ್ನೇ ತರಿಸಿ, ತೊಳೆದು, ಹಾಕಿದ. ಈ ಸಲ ರಸಮಟ್ಟ ಇಡಲಿಲ್ಲ, ಹೇಗೆ ಬಿತ್ತೋ ಹಾಗೇ ಬಿಟ್ಟ. ಮಾವ ಮೇಲಿಂದ ಇಳಿದು, ಮೂತಿ ತಾಗಿಸಿ, ಒಂದು ಕ್ಷಣ ನಿಂತು, ಆಮೇಲೆ ತಲೆಯಿಂದ ಅರ್ಧ ಮೈವರೆಗೆ ಮರಳೊಳಗೆ ಹೊಕ್ಕಿತು. ಕಿವಿರಿನ ಸಂದಿಯಿಂದ ಮರಳು ಹೊಗೆಯಂತೆ ಹೊರಬಂತು. ದಬ್ ಸದ್ದು ನಿಂತಿತು. ಗಂಡ ಹೆಂಡತಿ ಇಬ್ಬರೂ ಅದನ್ನೇ ನೋಡುತ್ತ ನಿಂತರು. ಆದರೆ ಅಷ್ಟು ಹೊತ್ತಿಗೆ ಮೀಸೆ ಆರೂ ಹೋಗಿದ್ದವು. ಉಳಿದದ್ದು ಆರು ಮೊಟಕು ಬುಡಗಳು.

ನೀರಿಗೆ ಕೈ ಹಾಕಬೇಡ ಎಂದು ಇನ್ನೆಷ್ಟು ದಿನ ಹೇಳುವುದು? ಮರುದಿನ ನಾಲ್ಕು ಗಂಟೆಗೆ ಅಕ್ಕ ಯಾರನ್ನೂ ಕೇಳದೆ ಗೋಡೆ ಹಿಡಿದುಕೊಂಡು ಬಂದು, ಸಿಗಡಿ ಚೂರು ಹಿಡಿದು ಕೈ ಇಳಿಸಿದಳು. ಮಾವ ವಾಸನೆ ಹಿಡಿದು ಬಂತು, ಆದರೆ ಎಲ್ಲಿದೆ ಎಂದು ತಿಳಿಯದೆ ಅವಳ ಮಣಿಕಟ್ಟಿಗೆ ತಲೆ ಗುದ್ದಿತು. ತಿರುಗಿ ಬಂದು ಅಂಗೈಗೆ ಗುದ್ದಿತು. ಆಮೇಲೆ ಬಾಯಿ ತೆರೆದು ಸಿಗಡಿಯ ಜೊತೆ ಎರಡು ಬೆರಳನ್ನೂ ಕಚ್ಚಿತು. ಅಕ್ಕ ಕೈ ಎಳೆದುಕೊಂಡಳು. ಬೆರಳನ್ನು ಸೆರಗಿನಿಂದ ಒರೆಸಿಕೊಂಡಳು.

"ಯಾವತ್ತು ಹೋಯ್ತು?" ಎಂದಳು.

"ಏನು?"

"ಮಾವ. ಯಾವತ್ತು ಸತ್ತಿದ್ದು? ಇದು ಬೇರೆ ಮೀನು."

ಅವನು ಅವಳ ಕಾಲ ಹತ್ತಿರ ಕುಕ್ಕುರುಗಾಲಲ್ಲಿ ಕೂತ. ಇನ್ನು ಮುಚ್ಚಿಡುವ ಆಸೆ ಅವನಿಗಿರಲಿಲ್ಲ. ಎಲ್ಲವನ್ನೂ ಹೇಳಿದ: ಹಳೆಯ ಮರಳನ್ನು ಎಲ್ಲಿ ಹಾಕಿದ್ದು, ಹೊಸ ಮರಳು ಎಂಥದ್ದು, ಮೀಸೆ ಹೇಗೆ ಸವೆದದ್ದು, ಬಾಗಿಲು ತಟ್ಟುವ ಸದ್ದು ಯಾವುದು. ಹೇಳುತ್ತ ಹೇಳುತ್ತ ಅತ್ತ. ಅಕ್ಕ ಕೊನೆಯವರೆಗೂ ಕೇಳಿ ಅವನ ತಲೆ ಸವರಿದಳು.

"ನನ್ನ ಸಮಾಧಾನಕ್ಕೆ ಏನೇನೋ ಕಟ್ಟಬೇಡ್ವೋ. ಮರಳು ಆರಿಸೋದ್ರಲ್ಲಿ ನೀನು ತಪ್ಪು ಮಾಡಿದೆ ಅಂತ ನಾನು ನಂಬಬೇಕಾ? ಲಾರಿಗಟ್ಟಲೆ ವಾಪಸ್ ಕಳಿಸೋನು ನೀನು. ಸುಳ್ಳು ಹೇಳೋದಾದ್ರೆ ನಂಬೋ ಹಾಗಾದ್ರೂ ಹೇಳು."

"ಸುಳ್ಳಲ್ಲ ಅಕ್ಕ."

"ಆಟದ ಗುಂಡಿಗೆ ಅಂದೆ. ಈ ಹೊಸ ಮೀನಿಗೆ ಅಂತ ನನ್ನ ಕೈಲೇ ಮರಳು ಆರಿಸಿಸಿದೆ. ನಾಚಿಕೆ ಅಂದೆ, ಮರದ ಕೆಲಸ ಅಂದೆ, ಔಷಧಿ ಅಂದೆ. ಅಷ್ಟೊತ್ತಿಗೇ ಅದು ಹೋಗಿತ್ತು. ನಂಗೆ ನೋವಾಗತ್ತೆ ಅಂತ ಮಾಡಿದೆ, ಗೊತ್ತು. ಬೈತಾ ಇಲ್ಲ ನಿನ್ನ."

ಹೆಂಡತಿ ಬಂದು, "ಅತ್ತಿಗೆ, ನನ್ನಾಣೆ, ಅದೇ ಮೀನು" ಎಂದಳು. "ನೀನೂ ಇವನ ಜೊತೆ ಸೇರ್ಕೊಂಡ್ಯಾ," ಎಂದಳು ಅಕ್ಕ, ಬೇಸರವಿಲ್ಲದೆ. ಮಾರನೆಯ ದಿನ ಮೀನಿನ ಅಂಗಡಿಯವನನ್ನೇ ಕರೆಸಿದ. ಅವನು ಮೀನಿನ ವಯಸ್ಸು, ಜಾತಿ, ಮೀಸೆಯ ಬುಡ ಎಲ್ಲವನ್ನೂ ವಿವರಿಸಿ ಸಾಕ್ಷಿ ಹೇಳಿದ. ಅವನು ಹೋದಮೇಲೆ ಅಕ್ಕ, "ಮಾರಿದವನು ಇನ್ನೇನು ಹೇಳ್ತಾನೆ" ಎಂದಳು. ನಾಲ್ಕು ಸಣ್ಣ ಸುಳ್ಳನ್ನು ಮರುಮಾತಿಲ್ಲದೆ ನಂಬಿದವಳು ಒಂದು ದೊಡ್ಡ ನಿಜವನ್ನು ಸುತರಾಂ ನಂಬಲಿಲ್ಲ. ತಮ್ಮನ ಇಡೀ ಬದುಕಿನ ಒಳ್ಳೆಯ ಹೆಸರೇ ಎದುರು ಸಾಕ್ಷಿಯಾಗಿ ನಿಂತಿತ್ತು.

"ಎಲ್ಲಿ ಹೂತೆ? ಅದನ್ನಾದ್ರೂ ಹೇಳು," ಎಂದು ದಿನಾ ಕೇಳಿದಳು. ಹೂತಿಲ್ಲ ಅಕ್ಕ, ಅಲ್ಲೇ ತೊಟ್ಟೀಲಿದೆ ಎಂದು ದಿನಾ ಹೇಳಿದ. ಅವಳಿಗೆ ಊಟ ಸೇರದಾಯಿತು. ಇಂಜೆಕ್ಷನ್ ಮಾತ್ರ ಹೊತ್ತಿಗೆ ಸರಿಯಾಗಿ ತಗೊಳ್ಳುವಳು, ತಟ್ಟೆ ಹಾಗೇ ವಾಪಸು ಬರುವುದು. ನಾಲ್ಕನೆಯ ದಿನ ಬೆಳಗ್ಗೆ ಮೈಯೆಲ್ಲ ಬೆವೆತು, ಕೈ ನಡುಗಿ, ಕುರ್ಚಿಯಿಂದ ಜಾರಿದಳು. ಹೆಂಡತಿ ಓಡಿಬಂದು ನಾಲಿಗೆಗೆ ಸಕ್ಕರೆ ಹಾಕಿದಳು. ಬಂದು ನೋಡಿದ ಡಾಕ್ಟರು ಕಡ್ಡಿ ತುಂಡು ಮಾಡಿದಂತೆ ಹೇಳಿದರು: ಇಂಜೆಕ್ಷನ್ ತಗೊಂಡು ಊಟ ಬಿಟ್ಟರೆ ಇನ್ನೊಂದು ಸಲ ಏಳುವುದಿಲ್ಲ.

ಡಾಕ್ಟರು ಹೋದಮೇಲೆ ಅವನು ಹಾಸಿಗೆಯ ಅಂಚಿನಲ್ಲಿ ಕೂತ.

"ಪೇರಲೆ ಗಿಡದ ಬುಡದಲ್ಲಿ ಹೂತಿದೀನಿ ಅಕ್ಕ."

ಅವಳು ಉಸಿರು ಬಿಟ್ಟಳು. "ಆಳವಾಗಿ ತೋಡಿದ್ಯಾ? ನಾಯಿ ಕೆದಕತ್ತೆ."

"ಮೊಣಕಾಲುದ್ದ."

"ನೋವು ಪಟ್ಟಿತ್ತಾ?"

"ಇಲ್ಲ. ಬೆಳಗ್ಗೆ ಎದ್ದು ನೋಡಿದಾಗ ಹೋಗಿತ್ತು."

ಅವಳು ಅತ್ತಳು. ಅತ್ತು ಮುಗಿಸಿ, ಊಟ ತಾ ಎಂದಳು. ಅವನು ಅಡುಗೆಮನೆಗೆ ಹೋಗಿ ತಟ್ಟೆಗೆ ಬಡಿಸಿಕೊಂಡು ಬಂದ. ತೊಟ್ಟಿಯಲ್ಲಿ ಮಾವ ಹೊಸ ಗುಂಡಿಯೊಂದನ್ನು ಹಿಗ್ಗಿಸುತ್ತಿತ್ತು.

ಜಾಗದ ಮೇಲೆ ಒಂದು ಕಲ್ಲು ಹಾಕು, ನನ್ನ ಕೈಗೆ ಸಿಗಬೇಕು ಎಂದು ಅಕ್ಕ ಕೇಳಿದಳು. ಅವನು ಹಾಕಿದ. ಮಣ್ಣು ಕುಟ್ಟಿ, ಕರಕರ ಎನ್ನುವ ಒಳ್ಳೆ ಮರಳಿನಲ್ಲಿ ಗಾರೆ ಕಲಸಿ, ನಯವಾದ ಕರಿಕಲ್ಲೊಂದನ್ನು ಕೂರಿಸಿ, ರಸಮಟ್ಟ ಇಟ್ಟು ನೋಡಿದ. ಗುಳ್ಳೆ ನಟ್ಟನಡುವೆ ನಿಂತಿತು. ಕೆಳಗೆ ಏನೂ ಇಲ್ಲದ ಜಾಗಕ್ಕೆ ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಅವನು ಮಾಡಿದ್ದು ಅದೇ ಮೊದಲು. ಅಕ್ಕ ಬಂದು ಅಂಗೈ ಆಡಿಸಿ, "ಚೆನ್ನಾಗಿ ಕೂತಿದೆ" ಎಂದಳು. ಅಂದಿನಿಂದ ದಿನಾ ಸಂಜೆ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಸ್ವಲ್ಪ ಹೊತ್ತು ಕೂರಿಸಿ, ಕರೆದುಕೊಂಡು ಬರುವುದು ಅವನ ಪಾಲಿಗೆ ಬಂತು.

ಹೊಸ ಮೀನನ್ನು ಅವಳು ದೂರ ಮಾಡಲಿಲ್ಲ. ತಂದಾಗಿದೆ, ಅದರದೇನು ತಪ್ಪು ಎಂದು ಹೊಸಬ ಎಂದೇ ಕರೆದು, ನಾಲ್ಕು ಗಂಟೆಗೆ ಸಿಗಡಿಯನ್ನು ಚಿಮಟದಲ್ಲಿ ಹಿಡಿದು ಕೊಡುತ್ತಿದ್ದಳು. ಕೈ ಕೊಡಲಿಲ್ಲ.

ನುಣುಪು ಮರಳು ತನ್ನ ಕೆಲಸ ಮಾಡಿತು. ಎರಡು ತಿಂಗಳಿಗೆ ಮೊಟಕು ಬುಡಗಳಲ್ಲಿ ಬಿಳಿಯ ಚಿಗುರು ಕಂಡಿತು. ಐದು ತಿಂಗಳಿಗೆ ಮೇಲಿನ ಎರಡು ಮೀಸೆ ಕಿರುಬೆರಳಷ್ಟಾದವು. ಗಾಜಿನ ಮುಂದೆ ಕೂತು ಅವನು ಅದನ್ನೇ ನೋಡುತ್ತಿದ್ದ. ನೋಡಿ ಖುಷಿಪಟ್ಟ, ನೋಡಿ ಹೆದರಿದ. ಇದು ಬೆಳೆದು ಅಕ್ಕನ ಬೆರಳು ಮುಟ್ಟಿದ ದಿನ ಅವಳಿಗೆ ಗೊತ್ತಾಗುತ್ತದೆ. ಗೊತ್ತಾಗಲಿ ಎಂದು ಬೇಡಿಕೊಂಡ. ಗೊತ್ತಾದರೆ ಆ ಕಲ್ಲಿನ ಬಗ್ಗೆ ಏನು ಹೇಳುವುದು, ಅದರ ಮೇಲೆ ಅವಳು ಸುರಿಸಿದ ಕಣ್ಣೀರಿಗೆ ಏನು ಹೇಳುವುದು ಎಂದು ತಿಳಿಯಲಿಲ್ಲ.

ಆ ದಿನ ಬಂತು. ಚಿಮಟ ಎಲ್ಲೋ ಇಟ್ಟು ಮರೆತಿದ್ದರಿಂದ ಅಕ್ಕ ಕೈಯಿಂದಲೇ ಸಿಗಡಿ ಹಿಡಿದಳು. ಮಾವ ಬಂತು, ಗುದ್ದಲಿಲ್ಲ. ಎರಡು ಗಿಡ್ಡ ಮೀಸೆಯಿಂದ ಅವಳ ಹೆಬ್ಬೆರಳು ಸವರಿತು. ತೋರುಬೆರಳು, ನಡುಬೆರಳು, ಉಂಗುರದ ಬೆರಳು. ಕಿರುಬೆರಳನ್ನೂ ಬಿಡಲಿಲ್ಲ. ಆಮೇಲೆ ಮೆಲ್ಲಗೆ ಚೂರನ್ನು ಎಳೆದುಕೊಂಡಿತು. ಅಕ್ಕನ ಕೈ ನೀರಲ್ಲೇ ನಿಂತಿತು. ಅವನು ಬಾಗಿಲ ಬಳಿ ನಿಂತು ನೋಡುತ್ತಿದ್ದ.

"ಇದೂ ಅವನ ಹಾಗೇ ಮುಟ್ಟಿ ನೋಡತ್ತೆ ಕಣೋ," ಎಂದಳು ಅಕ್ಕ. ಅವಳ ಮುಖದಲ್ಲಿ ಆ ಹಳೆಯ ನಗು ಬಂದಿತ್ತು.

"ಅಕ್ಕ..."

"ಒಂದೇ ಜಾತಿ ಇರಬೇಕು. ಪಾಪ, ಅವನು ಇದ್ದಿದ್ರೆ ಇದಕ್ಕೊಂದು ಜೊತೆ ಆಗ್ತಿತ್ತು."

ಹೇಳುವುದನ್ನೆಲ್ಲ ಒಮ್ಮೆ ಹೇಳಿಯೂ ಆಗಿತ್ತು.

"ಆಗ್ತಿತ್ತು," ಎಂದ.

ಅಕ್ಕ ಕೈ ಒರೆಸಿಕೊಂಡು ಎದ್ದು, ನಡಿ, ಅವನನ್ನ ನೋಡ್ಕೊಂಡು ಬರೋಣ ಎಂದು ತೋಳು ಚಾಚಿದಳು. ಅವನು ಆ ತೋಳು ಹಿಡಿದು, ತೊಟ್ಟಿಯ ಪಕ್ಕದಿಂದಲೇ ದಾಟಿಸಿಕೊಂಡು, ಅವಳನ್ನು ಪೇರಲೆ ಗಿಡದ ಕಡೆ ನಡೆಸಿಕೊಂಡು ಹೋದ.